ಅಜ್ಜಿಯ ನಾಯಿಯೂ ಮೂರು ಪ್ರೀಆಂಪುಗಳೂ

ನಮ್ಮಪ್ಪ ಅಷ್ಟು ದುಬಾರಿ ಟರ್ನ್‌ಟೇಬಲ್ ತಂದದ್ದು ಹಾಡು ಕೇಳುವುದಕ್ಕಲ್ಲ, ಅದು ತಿರುಗುವುದನ್ನು ನೋಡುವುದಕ್ಕೆ. ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣವನ್ನು ದುಂಡಗೆ ಮಾಡಿದವರು ಅವರು. ವೃತ್ತಿಯೇ ವೃತ್ತ, ನಿವೃತ್ತಿಯಾದ ಮೇಲೂ ವೃತ್ತ ಬಿಡಲಿಲ್ಲ. ಅಂಗಡಿಯ ಗಾಜಿನೊಳಗೆ ಆ ಯಂತ್ರದ ನಾಲ್ಕು ಬೆರಳು ದಪ್ಪದ ಲೋಹದ ತಟ್ಟೆ ಸದ್ದಿಲ್ಲದೆ ತಿರುಗುತ್ತಿದ್ದುದನ್ನು ಕಂಡು ಅರ್ಧ ಗಂಟೆ ಕಾಲುದಾರಿಯಲ್ಲೇ ನಿಂತಿದ್ದರಂತೆ. ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಹಳೆಯ ಪೆಟ್ಟಿಗೆಯಿಂದ ಡಯಲ್ ಗೇಜ್ ತೆಗೆದು ತಟ್ಟೆಯ ಅಂಚಿಗೆ ಹಿಡಿದದ್ದು. ತಟ್ಟೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಗೇಜಿನ ಮುಳ್ಳು ಕುಣಿಯುತ್ತದೆ. ಕುಣಿಯಲಿಲ್ಲ. ಅಪ್ಪನ ಕಣ್ಣು ತುಂಬಿ ಬಂತು. ನಾನು ಹುಟ್ಟಿದಾಗ ಎತ್ತಿಕೊಂಡಾಗಲೂ ಅವರು ಹೀಗೆ ಕಣ್ಣೀರು ಹಾಕಿರಲಿಲ್ಲವೆಂದು ಅಮ್ಮ ಹೇಳಿದಳು. ನಾನು ಅಷ್ಟು ದುಂಡಗಿರಲಿಲ್ಲವೇನೋ.

ನಾಲ್ಕು ತಿಂಗಳು ಆ ತಟ್ಟೆಯ ಮೇಲೆ ರೆಕಾರ್ಡೇ ಕೂರಲಿಲ್ಲ. ಸಂಜೆ ನಾಲ್ಕು ಗಂಟೆಗೆ ಅಪ್ಪ ಸ್ವಿಚ್ ಒತ್ತಿ, ಖಾಲಿ ತಟ್ಟೆ ತಿರುಗುವುದನ್ನು ನೋಡುತ್ತ ಚಹಾ ಕುಡಿಯುವರು. ಪಕ್ಕದ ಮನೆಯವರು ಒಮ್ಮೆ ಬಂದು, ಯಾವ ರಾಗ ಎಂದು ಕೇಳಿ, ತಮ್ಮ ಕಿವಿಯನ್ನೇ ಅನುಮಾನಿಸುತ್ತ ಹೋದರು.

ಇದೆಲ್ಲ ಬದಲಾದದ್ದು ಅಜ್ಜಿಗೆ ಒಂದು ಪತ್ರ ಬಂದ ಮೇಲೆ.

ಅಜ್ಜಿ ಎಂದರೆ ಅಪ್ಪನ ತಾಯಿ. ಈಗ ಎಪ್ಪತ್ತೊಂಬತ್ತು. ತನ್ನ ಕಾಲದಲ್ಲಿ ವೇದಿಕೆಯ ಮೇಲೆ ಒಬ್ಬಳೇ ನಿಂತು ಇಡೀ ಬೀದಿಯನ್ನು ಬಾಯಿಂದ ಹೊರಡಿಸುತ್ತಿದ್ದವಳು. ಅಣಕಿಸುವ ರೋಗ ನನಗೂ ಅವಳಿಂದಲೇ ಅಂಟಿದ್ದು. ಕಾಲೇಜಿನಲ್ಲಿ ಪ್ರಾಂಶುಪಾಲರ ಧ್ವನಿಯಲ್ಲಿ ರಜೆ ಘೋಷಿಸಿದ್ದೆ. ರಜೆ ನನಗೊಬ್ಬಳಿಗೇ ಸಿಕ್ಕಿತು, ಒಂದು ವಾರ. ನಲವತ್ತೆರಡು ವರ್ಷದ ಹಿಂದೆ ಅಜ್ಜಿಯದೊಂದು ಸಣ್ಣ ರೆಕಾರ್ಡ್ ಹೊರಬಂದಿತ್ತು. ನಾಲ್ಕೇ ನಿಮಿಷ, ಹನ್ನೊಂದು ಸದ್ದು: ತುಕ್ಕು ಹಿಡಿದ ಬಾಗಿಲು, ಹೊಲಿಗೆ ಯಂತ್ರ, ಕುದಿಯುವ ಕೆಟಲ್, ಚಳಿಗೆ ಸ್ಟಾರ್ಟ್ ಆಗದ ಸ್ಕೂಟರ್, ಜಗಳವಾಡುವ ಎರಡು ಪಾರಿವಾಳ, ಹೀಗೆ ಸಾಗಿ, ಕೊನೆಯಲ್ಲೊಂದು ನಾಯಿ. ಈಗ ಧ್ವನಿ ಸಂಗ್ರಹಾಲಯದವರು ಆ ರೆಕಾರ್ಡನ್ನು ತಮ್ಮಲ್ಲಿ ಇಡುತ್ತೇವೆಂದು ಬರೆದಿದ್ದರು. ಜೊತೆಗೊಂದು ಅರ್ಜಿ. ಅದರ ಕೊನೆಯ ಸಾಲು: ‘ಎಲ್ಲ ಸದ್ದುಗಳೂ ಕಲಾವಿದರ ಬಾಯಿಂದಲೇ ಬಂದವೆಂದು ಧ್ವನಿಮುದ್ರಣದ ದಿನ ಅಲ್ಲಿದ್ದ ಒಬ್ಬರು ಸಹಿ ಮಾಡತಕ್ಕದ್ದು.’

ಆ ದಿನ ಅಲ್ಲಿದ್ದವರಲ್ಲಿ ಈಗ ಉಳಿದಿರುವವರು ಒಬ್ಬರೇ, ಚಿಕ್ಕಜ್ಜ. ಅಜ್ಜಿಯ ಮೈದುನ. ಸಹಿ ಮಾಡುವ ಒಂದು ಕೈ ಬಿಟ್ಟು ಮಿಕ್ಕೆಲ್ಲವನ್ನೂ ಅತ್ತಿಗೆಗೆ ಕೊಡುವವರು.

ಅಂದು ಅಜ್ಜಿಯನ್ನು ಸ್ಟುಡಿಯೋಗೆ ಸ್ಕೂಟರಿನಲ್ಲಿ ಕರೆದೊಯ್ದವರು ಅವರೇ. ಹಿಂದೆ ಅತ್ತಿಗೆ, ಮುಂದೆ ಕಾಲಿನ ಬಳಿ ಕ್ಯಾಪ್ಟನ್. ಕ್ಯಾಪ್ಟನ್ ಅವರ ನಾಯಿ. ಒಂಟಿಯಾಗಿ ಬಿಟ್ಟರೆ ಚಪ್ಪಲಿಗಳನ್ನು ಜೋಡಿ ತಪ್ಪಿಸುತ್ತಿತ್ತು. ಸ್ಟುಡಿಯೋದ ಬಾಗಿಲಲ್ಲಿ ಕ್ಯಾಪ್ಟನ್ ಬೊಗಳಿತು, ಅದೇ ರೆಕಾರ್ಡಿನ ಕೊನೆಗೆ ಬಂದಿದೆ, ಅತ್ತಿಗೆ ಮಾಡಿದ್ದು ಹತ್ತೇ ಸದ್ದು ಎಂಬುದು ಚಿಕ್ಕಜ್ಜನ ವಾದ. ನಲವತ್ತೆರಡು ವರ್ಷದಿಂದ, ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ, ಐದನೆಯವರಾಗಿ ಬಂದು ಇದನ್ನೇ ಹೇಳಿದ್ದಾರೆ. ಅವರ ಮನೆಯ ಗೋಡೆಯ ಮೇಲೆ ಕ್ಯಾಪ್ಟನ್‌ನ ಫೋಟೋ ಇದೆ, ಕೆಳಗೆ ‘ಕಲಾವಿದ’ ಎಂದು ಬರೆದಿದೆ. ನಾಯಿಯ ಬಾಲವನ್ನಾದರೂ ನೆಟ್ಟಗೆ ಮಾಡಬಹುದು, ನಾಯಿ ಸಾಕಿದವರ ಮಾತನ್ನಲ್ಲ. ಎರಡನೆಯ ಸಲ ಈ ಮಾತು ಕೇಳಿದ ದಿನವೇ ಅಜ್ಜಿ ರೆಕಾರ್ಡನ್ನು ಎರಡು ಕಂಬಳಿಗಳ ನಡುವೆ ಇಟ್ಟು ಟ್ರಂಕಿಗೆ ಬೀಗ ಹಾಕಿದಳು. ಹಾಗಾಗಿ ಅದು ಹೊಸದರಂತೆ ಉಳಿದಿತ್ತು.

ಅರ್ಜಿ ನೋಡಿದ ಚಿಕ್ಕಜ್ಜ, ಸಹಿ ಮಾಡಲು ಅಡ್ಡಿಯಿಲ್ಲ, ಆದರೆ ಹನ್ನೊಂದನೆಯ ಸದ್ದಿನ ಮುಂದೆ ‘ಕ್ಯಾಪ್ಟನ್’ ಎಂದಿರಬೇಕು ಎಂದರು.

“ನಾಯಿ ಹೆಸರು ಬಂದ್ರೆ ರೆಕಾರ್ಡೇ ಕೊಡಲ್ಲ,” ಎಂದಳು ಅಜ್ಜಿ. “ಹತ್ತು ಸದ್ದು ಯಾರು ಬೇಕಾದ್ರೂ ಮಾಡ್ತಾರೆ. ಆ ನಾಯಿಗೆ ಮೂರು ವರ್ಷ ಅಭ್ಯಾಸ ಮಾಡಿದೀನಿ ನಾನು.”

ಒಮ್ಮೆ ಬೊಗಳಿ ತೋರಿಸಿಬಿಡು ಎಂದರೆ ಮುಗಿಯುವ ವಿಷಯವೆಂದು ನಿಮಗೆ ಅನ್ನಿಸಬಹುದು. ಆದರೆ ಅಜ್ಜಿಗೆ ಈಗ ಕಟ್ಟಿಸಿದ ಹಲ್ಲು. ಹಲ್ಲು ಹಾಕಿಕೊಂಡರೆ ನಾಯಿ ಆಡಾಗುತ್ತದೆ, ತೆಗೆದರೆ ಕರು. ಬಾಗಿಲು, ಕೆಟಲ್, ಹೊಲಿಗೆ ಯಂತ್ರ ಎಲ್ಲ ಇಂದಿಗೂ ಗಟ್ಟಿಯಾಗಿವೆ, ಅವು ಗಂಟಲಿನವು. ನಾಯಿಗೆ ಸ್ವಂತದ ಮುಂದಿನ ಹಲ್ಲೇ ಬೇಕು. ಇನ್ನುಳಿದ ಸಾಕ್ಷಿ ರೆಕಾರ್ಡೊಂದೇ. ಅದನ್ನು ಸ್ಪಷ್ಟವಾಗಿ ಕೇಳಿಸಬಲ್ಲ ಯಂತ್ರ ನಮ್ಮ ಮನೆಯಲ್ಲೇ ಖಾಲಿ ತಿರುಗುತ್ತ ಕೂತಿತ್ತು.

ಅಪ್ಪ ಅಂದೇ ಅದನ್ನು ಮನೆಯ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿ ರೆಕಾರ್ಡಿನ ಮೇಲೆ ಮುಳ್ಳನ್ನು ಇಳಿಸಿದರು. ಸ್ಪೀಕರಿನಿಂದ ಹೊರಟದ್ದು ಸೊಳ್ಳೆ. ಬಾಗಿಲೂ ಸೊಳ್ಳೆ, ಸ್ಕೂಟರೂ ಸೊಳ್ಳೆ, ಕೊನೆಗೆ ನಾಯಿಯಂಥ ಸೊಳ್ಳೆ. ಚಿಕ್ಕಜ್ಜ ಬಹಳ ಸಂತೋಷಪಟ್ಟರು.

ಟರ್ನ್‌ಟೇಬಲ್ ಮಾರಿದ ಅಂಗಡಿಯಾತನಿಗೆ ಫೋನ್ ಮಾಡಿದೆವು. ಇವರನ್ನು ನಾನು ಕಿವಿಪಂಡಿತರೆಂದು ಕರೆಯುತ್ತೇನೆ. ಮಾತಿಗೊಮ್ಮೆ ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಗಾಳಿಯಿಂದ ಏನೋ ಎಳೆ ತೆಗೆಯುತ್ತಾರೆ. ಮುಳ್ಳಿನಿಂದ ಬರುವ ಸದ್ದು, ಪರೀಕ್ಷೆಯ ಕೋಣೆಯಲ್ಲಿ ಹಿಂದಿನ ಬೆಂಚಿನವನು ಉತ್ತರ ಹೇಳಿಕೊಟ್ಟಷ್ಟು ಸಣ್ಣದು, ಅದನ್ನು ಮೊದಲು ಪ್ರೀಆಂಪ್ ಎಂಬ ಡಬ್ಬದಲ್ಲಿ ಹಾಯಿಸಿ ದೊಡ್ಡದು ಮಾಡಬೇಕು ಎಂದರು. ರೆಕಾರ್ಡ್ ಮಾಡುವಾಗ ದಪ್ಪ ಸದ್ದನ್ನು ಬೇಕೆಂದೇ ತಗ್ಗಿಸಿ, ತೆಳು ಸದ್ದನ್ನು ಏರಿಸಿರುತ್ತಾರಂತೆ; ಅದನ್ನು ಮತ್ತೆ ಸಮ ಮಾಡುವುದೂ ಆ ಡಬ್ಬದ್ದೇ ಕೆಲಸ. ಸಿಕ್ಕ ಡಬ್ಬವನ್ನು ಸಿಕ್ಕ ಯಂತ್ರಕ್ಕೆ ಕಟ್ಟಬಾರದು, ಜಾತಕ ನೋಡಿದ ಹಾಗೆ ನೋಡಬೇಕು ಎಂದು ಹೇಳಿ, ಭಾನುವಾರ ಬೆಳಿಗ್ಗೆ ಮೂರು ವಧುಗಳನ್ನು ಹೊತ್ತುಕೊಂಡು ಮನೆಗೇ ಬಂದರು.

ಮೊದಲನೆಯದು ಬೆಂಕಿಪೊಟ್ಟಣದ ಅಣ್ಣನಂಥ ಪುಟ್ಟ ಡಬ್ಬ. ಸ್ವಿಚ್ ಹಾಕಿದೊಡನೆ ಗುಂಯ್‌ಗುಟ್ಟಿದ್ದರಿಂದ ಅದಕ್ಕೆ ಜೇನ್ನೊಣ ಎಂದು ಹೆಸರಿಟ್ಟೆ. ಎರಡನೆಯದರ ತಲೆಯ ಮೇಲೆ ನಾಲ್ಕು ಗಾಜಿನ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು, ಅದು ಲಾಂದ್ರ. ಮೂರನೆಯದು ಕಪ್ಪಗೆ, ಭಾರವಾಗಿ, ಒಂದು ದೀಪವೂ ಇಲ್ಲದೆ ಕೂತಿತ್ತು. ಚೂರೂ ಸದ್ದಿಲ್ಲ. ಮೌನಿ.

ಪಂಡಿತರನ್ನು ಹಜಾರದ ಕುರ್ಚಿಯಲ್ಲಿ ಕೂರಿಸಿ, ಯಂತ್ರವನ್ನು ಊಟದ ಕೋಣೆಯ ಪರದೆಯ ಹಿಂದಿಟ್ಟೆವು. ಪರದೆಯ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್. ಯಾವ ಡಬ್ಬ ಹಾಡುತ್ತಿದೆ ಎಂದು ಅವರಿಗೆ ಕಾಣಬಾರದು. ಅಪ್ಪನದು ಇನ್ನೂ ಒಂದು ಕಟ್ಟಳೆ: ಮೂರರ ಸದ್ದೂ ಅಳತೆಯಲ್ಲಿ ಒಂದೇ ಎತ್ತರಕ್ಕಿರಬೇಕು. ಗಟ್ಟಿಯಾಗಿ ಕೂಗಿದವನದೇ ಸರಿ ಎಂದು ಜನರಿಗೆ ಅನ್ನಿಸಿಬಿಡುತ್ತದೆ, ಕಾರ್ಖಾನೆಯ ಸಭೆಗಳಲ್ಲಿ ನೋಡಿದ್ದೇನೆ ಎಂದು ಅವರು ಸದ್ದಳೆಯುವ ಮೀಟರ್ ಹಿಡಿದು ಗುಂಡಿ ತಿರುಗಿಸುತ್ತಲೇ ಇದ್ದರು. ಸೋಫಾದ ಒಂದು ತುದಿಯಲ್ಲಿ ಅಜ್ಜಿ, ಇನ್ನೊಂದು ತುದಿಯಲ್ಲಿ ಚಿಕ್ಕಜ್ಜ, ನಡುವೆ ಗಡಿ ಕಾಯುವುದಕ್ಕೆ ಅಮ್ಮ.

ಜೇನ್ನೊಣದಲ್ಲಿ ಹನ್ನೊಂದೂ ಸದ್ದು ಬಂದವು, ಹನ್ನೆರಡನೆಯದಾಗಿ ಅದರದೇ ಗುಂಯ್ ಕೂಡ. ಪಂಡಿತರು ಮುಖ ಕಿವಿಚಿದರು. ಲಾಂದ್ರದಲ್ಲಿ ಎಲ್ಲವೂ ಬೆಣ್ಣೆ ಸವರಿದಂತೆ ಮೆತ್ತಗಾದವು. ಬಾಗಿಲಿನ ತುಕ್ಕಿಗೂ ಎಣ್ಣೆ ಬಿದ್ದಿತ್ತು. ಅದು ಅಮ್ಮನಿಗೆ ಹಿಡಿಸಿತು. “ನನ್ನ ಬಾಗಿಲು ಇಷ್ಟು ಮರ್ಯಾದೆಯಾಗಿ ಕಿರುಗುಟ್ಟಲ್ಲ,” ಎಂದು ಅಜ್ಜಿ ಅದನ್ನು ತಳ್ಳಿಹಾಕಿದಳು. ಮೌನಿ ಬಂದಾಗ ಪಂಡಿತರು ‘ಇದೇ’ ಎಂದು ಕಣ್ಣು ಮುಚ್ಚಿದವರು ತೆರೆಯಲೇ ಇಲ್ಲ. ಸದ್ದುಗಳ ನಡುವೆ ಬಾವಿಯಂಥ ನಿಶ್ಶಬ್ದ. ಕೊನೆಗೆ, ಎಲ್ಲಿಂದಲೋ ಧುಮುಕಿದಂತೆ ಆ ನಾಯಿ. ಬವ್, ಬವ್, ಬವ್ವವ್!

“ಕ್ಯಾಪ್ಟನ್,” ಎಂದರು ಚಿಕ್ಕಜ್ಜ, ಕೈ ಮುಗಿಯುವುದೊಂದು ಬಾಕಿ. “ಮನುಷ್ಯರ ಬಾಯಲ್ಲಿ ಬರೋ ಸದ್ದಾ ಇದು? ನೀವೇ ಹೇಳಿ.”

ಪಂಡಿತರು ಎಳೆ ತೆಗೆದರು. ಇಷ್ಟು ಶುದ್ಧವಾಗಿ, ಹಿಂದೆ ಮುಂದೆ ಉಸಿರಿಲ್ಲದೆ ಬರಬೇಕಾದರೆ ಅದು ನಿಜವಾದ ನಾಯಿಯೇ ಇರಬೇಕು ಎಂದರು.

ಅಜ್ಜಿ ಟ್ರಂಕಿನ ಬೀಗದ ಕೈಯನ್ನು ಮಡಿಲಿನಲ್ಲಿ ಒಮ್ಮೆ ಹೊರಳಿಸಿದಳು. ಮಾತಿಗೆ ಮಾತು ಕೊಡದ ಅಜ್ಜಿಯನ್ನು ನಾನು ನೋಡಿದ್ದು ಅದೇ ಮೊದಲು. ಆ ಕ್ಷಣಕ್ಕೆ ಪಂಡಿತರ ಕಿವಿಯ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಸಿಟ್ಟು ಬಂದಾಗ ನನಗೆ ತುಂಟತನವೂ ಜೊತೆಗೇ ಬರುತ್ತದೆ, ಅವಳಿಗಳು.

ಇನ್ನೊಂದು ಡಬ್ಬ ಉಳಿದಿದೆ, ನಮ್ಮದೇ ಹಳೆಯದು, ಅದನ್ನೂ ಕೇಳಿಬಿಡಿ ಎಂದು ಪಂಡಿತರನ್ನು ಒಪ್ಪಿಸಿದೆ. ಅಜ್ಜಿಗೆ ನೀರು ಬೇಕೆಂಬ ನೆಪ ಹೂಡಿ ಅವಳನ್ನು ಹಿಂಬಾಗಿಲಿನಿಂದ ಪರದೆಯ ಹಿಂದಕ್ಕೆ ಕರೆತಂದು, ಎರಡು ಸ್ಪೀಕರಿನ ಸರಿಯಾಗಿ ನಡುವೆ ನಿಲ್ಲಿಸಿದೆ. ಅಪ್ಪ ಕಣ್ಣು ಬಿಟ್ಟರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅಜ್ಜಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಎದೆ ಸೆಟೆಸಿ, ಪರದೆಗೆ ಮುಖ ಮಾಡಿ, ಬಾಗಿಲು ತೆರೆದಳು, ಹೊಲಿಗೆ ಯಂತ್ರ ಓಡಿಸಿದಳು, ಕೆಟಲ್ ಕುದಿಸಿದಳು.

ಆಚೆ ಕಡೆಯಿಂದ ಪಂಡಿತರ ತೀರ್ಪು ಬಂತು.

“ಇದನ್ನ ತೆಗೆದುಬಿಡಿ. ಚಟಪಟ ಸದ್ದಿಲ್ಲ, ಅದು ಸರಿ. ಆದ್ರೆ ಪ್ರತಿ ಸದ್ದಿನ ಮೊದಲು ‘ಸುಂಯ್’ ಅಂತಿದೆ, ಗಮನಿಸಿದ್ರಾ? ಎಲ್ಲೋ ಸೋರ್ತಾ ಇದೆ. ಹಳೇ ಮಾಲು.”

ಪರದೆ ಸರಿಯಿತು. “ಸೋರ್ತಿರೋದು ನನ್ನ ಮೂಗು ಕಣಪ್ಪ,” ಎಂದಳು ಅಜ್ಜಿ. “ಮಾಲು ಹಳೇದೇ, ಒಪ್ಪಿದೆ.”

ಪಂಡಿತರು ಕುರ್ಚಿಯಿಂದ ಎದ್ದರು, ಕೂತರು, ಮತ್ತೆ ಎದ್ದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಆ ಮೂಗಿನ ಕಥೆ ಹೇಳಲೇಬೇಕು. ಅಜ್ಜಿ ಏಳು ವರ್ಷದವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಅವಳ ಮೂಗು ಎಡಕ್ಕೆ ವಾಲಿತು. ಜನರೆಲ್ಲ ತಮ್ಮ ತಮ್ಮ ಮೂಗಿನ ನೇರಕ್ಕೆ ಮಾತಾಡುತ್ತಾರೆ. ಅವಳಿಗೆ ಆ ಸೌಲಭ್ಯ ಇರಲಿಲ್ಲ. ಅಂದಿನಿಂದ ಉಸಿರು ಜೋರಾಗಿ ಎಳೆದಾಗಲೆಲ್ಲ ಒಂದು ಸಣ್ಣ ಸಿಳ್ಳೆ. ಮನೆಯಲ್ಲಿ ಬೆಳೆದವರಿಗೆ ಅದು ಗೋಡೆ ಗಡಿಯಾರದ ಸದ್ದಿನಂತೆ, ಕಿವಿಗೆ ಬಿದ್ದರೂ ಗಮನಕ್ಕೆ ಬೀಳುವುದಿಲ್ಲ. ಅದನ್ನು ಕೇಳಿಸಿಕೊಳ್ಳಲು ಹೊರಗಿನವರೇ ಬರಬೇಕಾಯಿತು.

ನಗದವರು ಅಪ್ಪ ಒಬ್ಬರೇ. ಅವರು ಮೀಟರನ್ನು ಕೆಳಗಿಟ್ಟು, ಯೋಚಿಸುವಾಗ ಮಾಡುವಂತೆ, ಹೆಬ್ಬೆರಳಿನಿಂದ ಮೇಜಿನ ಅಂಚನ್ನು ಸವರುತ್ತಿದ್ದರು.

“ಅಮ್ಮ, ಅವತ್ತು ಸ್ಟುಡಿಯೋದಲ್ಲೂ ಇದೇ ಮೂಗು ತಾನೇ?”

“ಮತ್ತೆ, ಬಾಡಿಗೆಗೆ ತರೋಕಾಗುತ್ತಾ?”

“ಹಂಗಾದ್ರೆ ರೆಕಾರ್ಡಲ್ಲೂ ಪ್ರತಿ ಸದ್ದಿನ ಮೊದಲು ಸುಂಯ್ ಇರ್ಬೇಕು. ಈ ಮೂರು ಡಬ್ಬದಲ್ಲಿ ಒಂದ್ರಲ್ಲೂ ಬರ್ಲಿಲ್ಲ.” ಅಪ್ಪ ಮೂರನ್ನೂ ಹಾಳಾದ ಕೆಲಸ ತಂದ ಕಾರ್ಮಿಕರನ್ನು ನೋಡುವಂತೆ ನೋಡಿದರು. “ಅಂದ್ರೆ ಮೂರೂ ಏನೋ ನುಂಗ್ತಿದಾವೆ.”

ನಾವೆಲ್ಲ ಇಷ್ಟು ಹೊತ್ತು ಇಂಪು ಯಾವುದರಲ್ಲಿದೆ ಎಂದು ಹುಡುಕಿದ್ದೆವು. ಹುಡುಕಬೇಕಾಗಿದ್ದದ್ದು ಮೂಗನ್ನು. ಇದು ಹೊಳೆದ ಮೇಲೆ ಆಯ್ಕೆ ಬೇಗ ಬೇಗ ಸಾಗಿತು. ಜೇನ್ನೊಣದ ಗುಂಯ್ ಅಜ್ಜಿಯ ಸುಂಯ್‌ಗಿಂತ ದೊಡ್ಡದು, ಅದನ್ನು ಕಟ್ಟಿಟ್ಟೆವು. ಲಾಂದ್ರಕ್ಕೆ ಅಂಥ ತೆಳು ಸದ್ದೆಲ್ಲ ಬೆಣ್ಣೆಯಲ್ಲಿ ಕೂದಲು. ನವಿರಾಗಿ ಎತ್ತಿ ಬಿಸಾಡಿಬಿಡುತ್ತಿತ್ತು. ಉಳಿದದ್ದು ಮೌನಿ. ಅದು ಅಷ್ಟೊಂದು ಮೌನವಾಗಿರುವುದೇ ಅಪ್ಪನಿಗೆ ಅನುಮಾನ. ಡಬ್ಬವನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ ಹಿಂಬದಿ ನೋಡಿದರು. ಅಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಸಾಲು. ಒಂದು ಸ್ವಿಚ್ ಗೀರುಸದ್ದು ತೆಗೆಯುವುದಕ್ಕೆಂದು ಮೇಲಕ್ಕಿತ್ತು. ಗೀರಿನ ಜೊತೆ ಅಜ್ಜಿಯ ಉಸಿರನ್ನೂ ಅದು ತೆಗೆದಿತ್ತು. ಅಪ್ಪ ಉಗುರಿನಿಂದ ಅದನ್ನು ಕೆಳಗೆ ಮಾಡಿದರು. ಆಮೇಲೆ ಮುಳ್ಳಿನ ಜೊತೆ ಬಂದ ಕಾಗದ ತರಿಸಿ ಓದಿದರು. ಮುಳ್ಳಿನೊಳಗಿನ ತಂತಿಸುರುಳಿ ವಿದ್ಯುತ್ತಿಗೆ ಒಡ್ಡುವ ತಡೆ ನಲವತ್ತು ಓಮ್. ಡಬ್ಬದ ತಡೆ ಅದರ ಹತ್ತುಪಟ್ಟು ಇದ್ದರೆ ಮುಳ್ಳಿಗೆ ನಿರಾಳ. ಸ್ವಿಚ್ಚುಗಳು ನೂರಕ್ಕೆ ಕೂತಿದ್ದವು.

“ನೋಡಿ, ಮುಳ್ಳಿನ ಕತ್ತು ಹಿಸುಕಿ ಹಾಡು ಅಂತಿದೀರಿ.”

ಕಂಪನಿಯವರೇ ಹಾಗಿಟ್ಟು ಕಳಿಸುತ್ತಾರೆ, ಅದನ್ನು ಮುಟ್ಟಬಾರದು ಎಂದು ಪಂಡಿತರು ಗಾಬರಿಯಾದರು. ಅಪ್ಪನಿಗೆ ಈಗ ನಗು ಬಂತು.

“ನಾನೂ ಕಾರ್ಖಾನೇಲಿ ಮೂವತ್ತೆಂಟು ವರ್ಷ ಹಂಗೇ ಇಟ್ಟು ಕಳಿಸ್ತಿದ್ದೆ ಸ್ವಾಮಿ. ಎಲ್ಲಿ ಕೂರುತ್ತೋ ಅಲ್ಲಿಗೆ ತಕ್ಕ ಹಾಗೆ ತಿರುಗಿಸ್ಕೋಬೇಕಾದ್ದು ತಗೊಂಡವರು.”

ಲೇತಿನ ಮೇಲೆ ಕೊನೆಯ ಎಳೆ ಸುಲಿಯುವವರಂತೆ ಅವರು ಒಂದೊಂದೇ ಸ್ವಿಚ್ ಸರಿಸಿದರು. ನೂರು, ಇನ್ನೂರು. ಪ್ರತಿ ಸಲವೂ ಮುಳ್ಳನ್ನು ಮೊದಲಿಗೆ ತಂದು ಬಾಗಿಲಿನ ಸದ್ದು ಕೇಳಿದೆವು. ಇನ್ನೂರರಲ್ಲಿ ಏನೋ ಇದ್ದಂತೆ, ಇಲ್ಲದಂತೆ. ನಾನೂರಕ್ಕೆ ಬಂದಾಗ ಪರದೆಯನ್ನು ಪೂರ್ತಿ ಎಳೆದು ಅಪ್ಪನೂ ಹಜಾರಕ್ಕೆ ಬಂದು ಕೂತರು.

ಸುಂಯ್. ಬಾಗಿಲು ಕಿರುಗುಟ್ಟಿತು. ಈ ಸಲ ಅದರಲ್ಲಿ ತುಕ್ಕಿತ್ತು. ಸುಂಯ್. ಹೊಲಿಗೆ ಯಂತ್ರ. ಮೂವತ್ತೇಳು ವರ್ಷದ ಅಜ್ಜಿ ಎರಡು ಸ್ಪೀಕರಿನ ನಡುವೆ, ಬಾಗಿದ ಮೂಗಿನೊಂದಿಗೆ, ನಿಂತುಕೊಂಡಿದ್ದಳು. ಪಾರಿವಾಳಗಳು ಜಗಳವಾಡುವ ಮೊದಲು ಎರಡು ಸಲ ಸುಂಯ್, ಏಕೆಂದರೆ ಜಗಳಕ್ಕೆ ಉಸಿರು ಜಾಸ್ತಿ ಬೇಕು. ನಾವೆಲ್ಲ ಬೆರಳು ಮಡಿಸುತ್ತ ಎಣಿಸುತ್ತಿದ್ದೆವು. ಹತ್ತು ಮುಗಿಯಿತು. ಅಜ್ಜಿ ಬೀಗದ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಸುಂಯ್. ಬವ್, ಬವ್, ಬವ್ವವ್!

ಅಮ್ಮ ಚಪ್ಪಾಳೆ ತಟ್ಟಿದಳು. ಎಲ್ಲರೂ ಚಿಕ್ಕಜ್ಜನನ್ನು ನೋಡಿದೆವು. ಅವರು ಮೇಲುಗಡೆ ಫ್ಯಾನನ್ನು ನೋಡುತ್ತ, “ಅವತ್ತು ಕ್ಯಾಪ್ಟನ್‌ಗೂ ನೆಗಡಿ ಇತ್ತು,” ಎಂದರು.

ಈ ಮಾತಿಗೆ ಅಜ್ಜಿಗೇ ನಗು ತಡೆಯಲಾಗಲಿಲ್ಲ. ಆದರೆ ಅಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಯಂತ್ರದ ಹೊಟ್ಟೆಯೊಳಗಿನ ಸಣ್ಣ ತೊಡಕನ್ನು ಸದ್ದಿನಿಂದಲೇ ಹಿಡಿಯುತ್ತಿದ್ದ ಕಿವಿ ಅದು. ನಾಯಿ ನಿಂತ ಮೇಲೂ ಏನೋ ಇದೆ, ಇನ್ನೊಮ್ಮೆ ಕೇಳಿ ಎಂದು ಕೊನೆಯ ಗೆರೆಗಳಿಗೆ ಮುಳ್ಳು ಇಟ್ಟರು.

ಸುಂಯ್. ಬವ್, ಬವ್, ಬವ್ವವ್. ಆಮೇಲೆ, ದಪ್ಪ ಬಾಗಿಲಿನ ಆಚೆಯಿಂದ, ಉದ್ದ ಓಣಿಯ ಕೊನೆಯಿಂದ ಬಂದಂತೆ, ತೆಳ್ಳಗೆ, ಬೇರೆಯೇ ಕಂಠದಲ್ಲಿ, ಎರಡು ಸಲ: ಭೌ, ಭೌ.

ಚಿಕ್ಕಜ್ಜ ಎದ್ದು ನಿಂತರು.

“ಕ್ಯಾಪ್ಟನ್,” ಎಂದರು. ಈ ಸಲ ವಾದದ ಸ್ವರವಿರಲಿಲ್ಲ. ಬೀದಿಯಲ್ಲಿ ಹಳೆಯ ಗೆಳೆಯ ಕಂಡಾಗ ಹೊರಡುವ ಸ್ವರ. “ಇನ್ನೊಂದ್ಸಲ ಹಾಕು ಮಗಾ.”

ಅಪ್ಪ ನಾಲ್ಕು ಸಲ ಹಾಕಿದರು. ಚಿಕ್ಕಜ್ಜ ಸ್ಪೀಕರಿನ ಹತ್ತಿರ ಮಂಡಿಯೂರಿ ಕೂತು ಕೇಳಿದರು. ಆಮೇಲೆ ನಿಧಾನವಾಗಿ ಅಂದಿನ ದಿನವನ್ನು ಹೇಳಿದರು. ನಾಯಿಯನ್ನು ಒಳಗೆ ಬಿಡಲಿಲ್ಲವೆಂದು ಅವರು ಹೊರಗಿನ ಓಣಿಯಲ್ಲೇ ನಿಂತಿದ್ದರು. ಬಾಗಿಲು ಎಷ್ಟು ದಪ್ಪವೆಂದರೆ ಒಳಗಿನದೊಂದೂ ಅವರಿಗೆ ಕೇಳಿಸುತ್ತಿರಲಿಲ್ಲ. ಮನುಷ್ಯರ ಕಿವಿ ಅಷ್ಟೇ. ಇದ್ದಕ್ಕಿದ್ದಂತೆ ಕ್ಯಾಪ್ಟನ್ ಕಿವಿ ನಿಮಿರಿಸಿ ಬೊಗಳಿತು. ತಿಂಗಳ ಮೇಲೆ ರೆಕಾರ್ಡ್ ಬಂದಾಗ ಕೊನೆಯಲ್ಲಿ ನಾಯಿ ಇತ್ತು. ಇನ್ನೇನೆಂದುಕೊಳ್ಳುತ್ತಾರೆ?

“ಅತ್ತಿಗೆ,” ಎಂದರು, “ಅವನು ಬೀದಿಲಿ ಹೋಗೋ ಬರೋ ನಾಯಿಗೆಲ್ಲ ಉತ್ತರ ಕೊಡೋನಲ್ಲ. ಭಾರೀ ಜಂಬ. ಅವನೇ ನಾಯಿ ಅಂತ ನಂಬಿ ಮಾತಾಡಿಸಿದಾನೆ ಅಂದ್ಮೇಲೆ ನಾನ್ಯಾವನು?”

ನಲವತ್ತೆರಡು ವರ್ಷದಲ್ಲಿ ಅಜ್ಜಿಯ ನಾಯಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿರಲಿಲ್ಲ. ಅವಳು ಸೋಫಾದಿಂದ ಅರ್ಜಿ ಎತ್ತಿ ನನ್ನ ಕೈಗೆ ಕೊಟ್ಟಳು. ಹನ್ನೊಂದೂ ಸದ್ದಿನ ಮುಂದೆ ತನ್ನ ಹೆಸರೇ ಬರೆಸಿದಳು. ಬರೆದು ಮುಗಿದ ಮೇಲೆ ಇನ್ನೊಂದು ಸಾಲು ಸೇರಿಸು ಎಂದಳು.

“ಪಕ್ಕವಾದ್ಯ: ಕ್ಯಾಪ್ಟನ್.”

ಚಿಕ್ಕಜ್ಜ ಎರಡು ಸಲ ಓದಿ ಸಹಿ ಮಾಡಿದರು. ಒಂದಕ್ಷರವನ್ನೂ ಬಿಡಲಿಲ್ಲ.

ಪಂಡಿತರು ಜೇನ್ನೊಣವನ್ನೂ ಲಾಂದ್ರವನ್ನೂ ಚೀಲಕ್ಕೆ ಹಾಕಿಕೊಂಡು, ಮೌನಿಯನ್ನು ನಮಗೇ ಬಿಟ್ಟು, ತಾನು ಮೊದಲೇ ಇದನ್ನೇ ಆರಿಸಿದ್ದೆನಲ್ಲ ಎಂದು ನೆನಪಿಸಿದರು. ಅದು ನಿಜವೇ. ಅವರು ಆರಿಸಿದ್ದು ಮೂಗು ಇಲ್ಲವೆಂದು, ನಾವು ಇಟ್ಟುಕೊಂಡದ್ದು ಮೂಗು ಬಂತೆಂದು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಬಹಳ ವಿನಯದಿಂದ, ತಾಯಿಯವರು ಆ ನಾಯಿಯನ್ನು ಒಂದೇ ಒಂದು ಸಲ ಎದುರಿಗೆ ಮಾಡಿ ತೋರಿಸಬಹುದೇ ಎಂದು ಕೇಳಿದರು.

ಕಲಾವಿದೆಯನ್ನು ಕೇಳಿದ ಮೇಲೆ ಇಲ್ಲವೆನ್ನಲಾಗುತ್ತದೆಯೇ? ಅಜ್ಜಿ ಎದ್ದಳು. ಎದೆ ಸೆಟೆಸಿದಳು. ಸುಂಯ್ ಎಂದು ಉಸಿರೆಳೆದಳು. ಎಲ್ಲರೂ ಉಸಿರು ಹಿಡಿದೆವು.

“ಬ್ಯಾ.”

ಚಿಕ್ಕಜ್ಜ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

“ಅತ್ತಿಗೆ, ಈ ಆಡಿನ ಹೆಸರೇನು ಬರೀಲಿ?”